ಅರಿಶಿಣ ಕೆಂಪಾಗದ ಲೆಕ್ಕ

ಗೂಗಲ್ ಎಂಬ ಹಳ್ಳಿಯ ಕಡೆಯ ಲಗ್ನದ ಮನೆಯಿಂದ ವಾಪಸು ಬಂದ ಡಬ್ಬಿಯನ್ನು ವ್ಯಾಪಾರಿ ಮುಚ್ಚಳ ತೆಗೆದೇ ನಮ್ಮ ಮುಂದೆ ಇಟ್ಟರು. ಹನ್ನೆರಡು ಉಂಡೆಗಳಲ್ಲಿ ಮೂರು ಉಳಿದಿದ್ದವು. ಜೊತೆಗೆ ಒಂದು ಬಿಳಿ ಟವೆಲ್ಲು. ಟವೆಲ್ಲಿನ ತುಂಬ ಇಟ್ಟಿಗೆ ಬಣ್ಣದ ಕಲೆ.

ಬಾಸಿಂಗ, ಕಂಕಣದಿಂದ ಹಿಡಿದು ಲಗ್ನಕ್ಕೆ ಬೇಕಾದ ಎಲ್ಲ ಸಾಮಾನು ಮಾರುವ ರಾಯಚೂರಿನ ಅಂಗಡಿ ಅದು. ನನ್ನ ಹೆಂಡತಿ ದೇವದುರ್ಗದಲ್ಲಿ ಹನ್ನೊಂದು ಹೆಂಗಸರ ಒಂದು ಸಂಘ ನಡೆಸುತ್ತಾಳೆ. ಮೊದಲು ಸಾಬೂನು ಮಾಡುತ್ತಿದ್ದರು, ಆಮೇಲೆ ಬಾತ್ ಬಾಂಬ್ ಕಲಿತರು. ನೀರಿಗೆ ಹಾಕಿದರೆ ಬುಸ್ಸೆಂದು ಕರಗಿ ಸುವಾಸನೆ ಬಿಡುವ ಉಂಡೆ. ಲಗ್ನದ ಮನೆಗೆ ಬಾಂಬ್ ಎನ್ನುವ ಹೆಸರು ಬೇಡವೆಂದು ಹೆಂಗಸರೇ ಅದನ್ನು ನೊರೆ ಉಂಡಿ ಎಂದು ಕರೆದರು. ನಮ್ಮ ಕಡೆ ಯಾರ ಮನೆಯಲ್ಲೂ ಸ್ನಾನದ ತೊಟ್ಟಿ ಇಲ್ಲ. ಆದರೆ ಸುರಗಿ ನೀರು ಇದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ, ಮೈಗೆ ಅರಿಶಿಣ ಹಚ್ಚಿ ಬಿಸಿನೀರು ಎರೆಯುತ್ತಾರಲ್ಲ, ಆ ಕೊಪ್ಪರಿಗೆಯ ನೀರಿಗೆ ಈ ಉಂಡೆ ಹಾಕಿದರೆ ಹೇಗೆ ಎಂದು ಯೋಚಿಸಿದವಳು ನನ್ನ ಹೆಂಡತಿ. ವ್ಯಾಪಾರಿಗೂ ಹಿಡಿಸಿತ್ತು.

ಗೂಗಲ್ ಕಡೆಯವರು ಕೊಪ್ಪರಿಗೆಗೆ ಒಂಬತ್ತು ಉಂಡೆ ಒಟ್ಟಿಗೆ ಹಾಕಿದ್ದಾರೆ. ಆ ನೀರು ಬೀಳುತ್ತಲೇ ಮದುಮಗಳ ಮೈಮೇಲಿನ ಅರಿಶಿಣ ಕೆಂಪಾಗಿದೆ. ಇದರ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅರಿಶಿಣಕ್ಕೆ ಸುಣ್ಣ ಕದಡಿದ ಕೆಂಪು ನೀರಿನಿಂದ ದೃಷ್ಟಿ ತೆಗೆದು ಅದನ್ನು ದೂರ ಚೆಲ್ಲಿ ಬರುತ್ತೇವೆ, ಅದನ್ನು ಯಾರೂ ತುಳಿಯುವುದಿಲ್ಲ. ಅಂಥ ನೀರು ಮದುಮಗಳ ತಲೆಯ ಮೇಲಿಂದ ಇಳಿದಿದೆ. ಬೀಗರ ಕಡೆಯ ಮುದುಕಿಯೊಬ್ಬಳು ಲಗ್ನವನ್ನೇ ನಿಲ್ಲಿಸಲು ಹೊರಟಿದ್ದಳಂತೆ.

ವ್ಯಾಪಾರಿ ಕೂಗಾಡಲಿಲ್ಲ. ಇನ್ನು ಮೇಲೆ ಪುಡಿ ಕಲೆಸುವ ಕೆಲಸ ರಾಯಚೂರಿನಲ್ಲೇ ನಡೆಯುತ್ತದೆ, ತಮ್ಮ ಕೆಮಿಸ್ಟ್ ನೋಡಿಕೊಳ್ಳುತ್ತಾನೆ, ದೇವದುರ್ಗದವರು ಬಂದ ಉಂಡೆಗೆ ಕಾಗದ ಸುತ್ತಿ ಡಬ್ಬಿ ತುಂಬಿದರೆ ಸಾಕು ಎಂದರು. ಪಕ್ಕದಲ್ಲಿ ನಿಂತಿದ್ದ ಕೆಮಿಸ್ಟ್ ಬಿ.ಎಸ್ಸಿ. ಮುಗಿಸಿದವನು, ಮೂವತ್ತರ ಒಳಗಿನ ವಯಸ್ಸು.

ನನ್ನ ಹೆಂಡತಿ ಟವೆಲ್ಲನ್ನು ಮಡಚಿ ಡಬ್ಬಿಯೊಳಗೆ ಇಟ್ಟಳು. "ಬರೇ ಕಾಗದ ಸುತ್ತಾಕ ಹನ್ನೊಂದ್ ಮಂದಿ ಯಾಕ ಬೇಕ್ರಿ? ಮಾಡೋ ಕೆಲಸ ನಮ್ಮ ಕೈಯಾಗ ಇರಬೇಕು. ಇಲ್ಲಾಂದ್ರ ಬ್ಯಾಡ" ಎಂದಳು.

ಹಾಗಾದರೆ ಯಾವ ಪುಡಿ ಎಷ್ಟು, ಅಷ್ಟೇ ಯಾಕೆ ಎಂದು ಲೆಕ್ಕ ಹಾಕಿ ತೋರಿಸುವವರು ನಿಮ್ಮಲ್ಲಿ ಯಾರಿದ್ದಾರೆ ಎಂದು ವ್ಯಾಪಾರಿ ಕೇಳಿದರು. ಕಲೆಸುವ ಪುಡಿಯನ್ನು ಭಾನುವಾರ ಭಾನುವಾರ ತೂಗಿ ಕೊಡುತ್ತಿದ್ದವನು ನಾನು. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕದವನು. ನಾನೇ ಹಾಕುತ್ತೇನೆ ಎಂದೆ.

"ಇದು ಭತ್ತದ ತೂಕ ಅಲ್ರಿ ಕಾಕಾ, ರಾಸಾಯನಿಕ ಕ್ರಿಯಾದ ಲೆಕ್ಕ" ಎಂದ ಕೆಮಿಸ್ಟ್. "ಎಷ್ಟನೇತ್ತ ಓದೀರಿ?"

"ಆರನೇತ್ತ."

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪಾಪ ಎನ್ನುವ ಹಾಗೆ ತಲೆ ಆಡಿಸಿದ. ವ್ಯಾಪಾರಿ ಮಾತ್ರ ಲೆಕ್ಕದವರು, ಸುಮ್ಮನೆ ಬಾಗಿಲು ಮುಚ್ಚುವವರಲ್ಲ. ಬಸವ ಜಯಂತಿಯ ಲಗ್ನಗಳಿಗೆ ಮಾಲು ಬೇಕು, ಅದಕ್ಕೆ ಹತ್ತು ದಿನ ಮೊದಲು ಬಂದು ತೋರಿಸಿ, ಅರಿಶಿಣ ಹಳದಿಯಾಗಿಯೇ ಉಳಿಯಬೇಕು, ಮೈ ಉರಿಯಬಾರದು, ಲೆಕ್ಕ ಬಾಯಲ್ಲಿ ಬರಬೇಕು ಎಂದರು. ಎರಡು ತಿಂಗಳಿತ್ತು.

ಹಳೆಯ ಅಳತೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದು, ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ನಿಂಬೆ ಉಪ್ಪು. ನಿಂಬೆ ಉಪ್ಪೆಂದರೆ ಸಿಟ್ರಿಕ್ ಆಮ್ಲ, ಹರಳು ಹರಳಾಗಿ ಗಂಜಿನ, ಅಂದರೆ ಸಗಟು ಪೇಟೆಯ, ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಸೋಡಾ ಹೆಚ್ಚಾಗಿ ಉಳಿದದ್ದರಿಂದ ಸುಣ್ಣದ ಕೆಲಸ ಮಾಡಿದೆ ಎಂಬುದು ನನಗೂ ಹೊಳೆಯಿತು. ಪರಿಹಾರ ಕಣ್ಣ ಮುಂದೆಯೇ ಇದೆ ಅಂದುಕೊಂಡೆ. ಎರಡನ್ನೂ ಸಮ ತೂಗಿದರಾಯಿತು. ಎರಡು ತಟ್ಟೆ ಸಮ ನಿಂತರೆ ಜಗಳ ಮುಗಿಯಿತು ಎನ್ನುವುದರ ಮೇಲೆ ಇಪ್ಪತ್ತೆರಡು ವರ್ಷ ಅನ್ನ ತಿಂದವನು ನಾನು.

ಆ ಭಾನುವಾರ ಅರ್ಧ ಕೆಜಿಗೆ ಅರ್ಧ ಕೆಜಿ ತೂಗಿ ಕೊಟ್ಟೆ. ಸಂಘಕ್ಕೆ ಹೊಸದಾಗಿ ಬಂದ ಇಬ್ಬರು ಶೇಂಗಾ ಉಂಡಿ ಕಟ್ಟುವ ಅಭ್ಯಾಸದಲ್ಲಿ ಅಂಗೈಗೆ ನೀರು ಸವರಿಕೊಂಡು ಕಟ್ಟತೊಡಗಿದರು. ಉಂಡೆ ಕೈಯಲ್ಲೇ ಬುಸುಗುಟ್ಟಿ ಉಬ್ಬಿತು. ಒಬ್ಬಳು ಅದನ್ನು ಕೊಡವಿ ಅಂಗಳಕ್ಕೆ ಎಸೆದು, ಇದಕ್ಕೆ ಜೀವ ಅದ ಎಂದು ದೂರ ಸರಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಣ ಕೈಯಲ್ಲಿ, ಎರಡು ಹನಿ ಹರಳೆಣ್ಣೆ ಹಾಕಿ ಒತ್ತಿ ಕಟ್ಟಿದ್ದು ಕೊನೆಗೆ ನಿಂತಿತು. ಬೋಗುಣಿಯ ಬಿಸಿನೀರಿಗೆ ಒಂದು ಉಂಡೆ ಹಾಕಿ, ಅರಿಶಿಣ ಬಳಿದು ಒಣಗಿಸಿದ ಕಾಗದದ ಪಟ್ಟಿ ಅದ್ದಿದೆ. ಹಳದಿ ಹಳದಿಯಾಗಿಯೇ ಇತ್ತು. ನಾನು ಗೆದ್ದೆನೆಂದು ಕಾಲನ್ನೂ ಇಳಿಬಿಟ್ಟೆ. ಒಡೆದ ಹಿಮ್ಮಡಿಯ ಬಿರುಕಿನೊಳಗೆ ಮೆಣಸಿನಪುಡಿ ತುಂಬಿದಂತಾಯಿತು. ಈಗ ಹುಳಿ ಹೆಚ್ಚಾಗಿತ್ತು.

ಹೆಂಡತಿ ಒಂದು ಚೊಂಬು ತಣ್ಣೀರು ತಂದು ಕಾಲಿಗೆ ಸುರಿದಳು. "ತಕ್ಕಡಿ ಸಮ ನಿಂತದ, ನೀವ್ ನಿಂದ್ರಾಕ ಆಗವಲ್ದು" ಎಂದಳು.

ಮಾನ್ವಿಯಲ್ಲಿ ನಮ್ಮ ಮಿಲ್ಲಿನ ಅಕ್ಕಿ ಕೊಳ್ಳುವ ಮನೆಗಳಲ್ಲಿ ಒಂದು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಶಿಕ್ಷಕಿಯದು, ಊರಿಗೆಲ್ಲ ಅವರು ಬಾಯಿಯವರು. ಮಡಿಯ ಮನೆ, ಕಟ್ಟುನಿಟ್ಟಿನ ಹೆಂಗಸು. ಅಕ್ಕಿಯಲ್ಲಿ ನುಚ್ಚು ಕಂಡರೆ ಚೀಲ ವಾಪಸು. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವರ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಎಷ್ಟಕ್ಕೆ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು ಎಂದೆ.

"ಚೀಟಿ ಕೊಡಂಗಿಲ್ಲ" ಎಂದರು. "ಕಲಿಯೂದಿದ್ರ ಕೂಡ್ರಿ. ಇಲ್ಲ ಏಳ್ರಿ."

ಕೂತೆ. ವಾರಕ್ಕೆ ಮೂರು ಮಧ್ಯಾಹ್ನ, ಅರ್ಧ ಅರ್ಧ ತಾಸು. ಅವರು ಪಾಟಿಯ ಮೇಲೆ ಇಂಗ್ಲಿಷ್ ಅಕ್ಷರ, ಅದರ ಕಾಲಬುಡಕ್ಕೆ ಸಣ್ಣ ಅಂಕಿ ಬರೆದಾಗ ಮೊದಲ ದಿನ ನನಗೆ ಬೆವರು ಬಂತು. ಆಮೇಲೆ ಅನ್ನಿಸಿತು, ಇದರಲ್ಲೇನಿದೆ? ಚೀಲದ ಮೇಲಿನ ಮಾರ್ಕು ಇದು. ಓದಲು ಬಾರದ ಎಷ್ಟು ಹಮಾಲರು ಮಾರ್ಕು ನೋಡಿ ಯಾವ ಚೀಲ ಯಾವ ಲಾರಿಗೆ ಎಂದು ತಪ್ಪದೆ ಹೊತ್ತಿಲ್ಲ? ಸೋಡಾ ಎಂಬ ಮಾರ್ಕಿನಲ್ಲಿ ಸೋಡಿಯಂ ಒಂದು, ತೂಕ 23. ಹೈಡ್ರೋಜನ್ ಒಂದು, ತೂಕ 1. ಇಂಗಾಲ ಒಂದು, 12. ಆಮ್ಲಜನಕ ಮೂರು, ಹದಿನಾರರಂತೆ 48. ಕೂಡಿದರೆ 84. ನಿಂಬೆ ಉಪ್ಪಿನಲ್ಲಿ ಇಂಗಾಲ ಆರು, ಹೈಡ್ರೋಜನ್ ಎಂಟು, ಆಮ್ಲಜನಕ ಏಳು. 72, 8, 112. ಕೂಡಿದರೆ 192. ಬಾಯಿಯವರು ಸೀಮೆಸುಣ್ಣ ಇಳಿಸುವುದರೊಳಗೆ ಬಾಯಲ್ಲೇ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು, ಶಹಬ್ಬಾಸ್ ಅನ್ನಲಿಲ್ಲ.

ಸಿಕ್ಕಿಕೊಂಡದ್ದು ಮೋಲ್ ಎಂಬಲ್ಲಿ. ಎಷ್ಟು ಸಾರಿ ಹೇಳಿದರೂ ನನ್ನ ತಲೆ ತೂಕಕ್ಕೇ ಓಡುತ್ತಿತ್ತು. ಕೊನೆಗೆ ಅವರೇ ಕೇಳಿದರು, ನಿಮ್ಮ ಮಿಲ್ಲಿನಲ್ಲಿ ತೌಡಿನ ಚೀಲವೂ ಅಕ್ಕಿಯ ಚೀಲವೂ ಒಂದೇ ತೂಕವೇನು ಎಂದು. ಅಲ್ಲ ಎಂದೆ. ಲಾರಿಗೆ ಏರಿಸುವಾಗ ಹಮಾಲ ಎಣಿಸುವುದು ಕೆಜಿಯನ್ನೋ ಚೀಲವನ್ನೋ ಎಂದರು. ಅಷ್ಟು ಸಾಕಾಯಿತು. ಮೋಲ್ ಅಂದರೆ ಚೀಲ. ಎಲ್ಲ ಚೀಲದಲ್ಲೂ ಕಾಳಿನ ಎಣಿಕೆ ಒಂದೇ, ತೂಕ ಮಾತ್ರ ಬೇರೆ. ಸೋಡಾದ ಚೀಲ 84 ಗ್ರಾಂ, ಹುಳಿಯ, ಅಂದರೆ ನಿಂಬೆ ಉಪ್ಪಿನ, ಚೀಲ 192 ಗ್ರಾಂ. ಇವು ಕೂಡುವುದು ತೂಕ ನೋಡಿ ಅಲ್ಲ, ಎಣಿಕೆ ನೋಡಿ. ಒಂದು ಹುಳಿಯ ಚೀಲ ಮೂರು ಸೋಡಾದ ಚೀಲವನ್ನು ತೀರಿಸುತ್ತದೆ, ಹೆಚ್ಚಿಲ್ಲ ಕಮ್ಮಿಯಿಲ್ಲ. ಮೂರು ಸಾರಿ 84, ಅಂದರೆ 252 ಸೋಡಾಕ್ಕೆ 192 ಹುಳಿ. ನೂರು ಗ್ರಾಂ ಸೋಡಾಕ್ಕೆ ಎಪ್ಪತ್ತಾರು.

ಇಪ್ಪತ್ತೆರಡು ವರ್ಷದ ನನ್ನ ತಕ್ಕಡಿಯ ನ್ಯಾಯ ಅಲ್ಲಿ ಮುರಿಯಿತು. ನನಗೆ ಬೇಸರವಾಗಲಿಲ್ಲ, ಸಿಟ್ಟು ಬಂತು. ಇಷ್ಟು ಸರಳವಾದದ್ದನ್ನು ಓದಿದವರು ಯಾಕೆ ಬಾಗಿಲು ಹಾಕಿ ಇಟ್ಟುಕೊಂಡಿದ್ದಾರೆ ಎಂದು.

ಬುಸ್ಸೆಂದು ಹಾರುವ ಗಾಳಿಗೂ ತೂಕ ಇದೆ, ಒಂದು ಚೀಲ ಸೋಡಾದಿಂದ 44 ಗ್ರಾಂ ಗಾಳಿ ಹೋಗುತ್ತದೆ ಎಂದು ಬಾಯಿಯವರು ಹೇಳಿದಾಗ ನಂಬಲಿಲ್ಲ. ಸಂಘದ ಗ್ರಾಂ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು 84 ಗ್ರಾಂ ಸೋಡಾಕ್ಕೆ 64 ಗ್ರಾಂ ಹುಳಿ ಸೇರಿಸಿದೆ. ಅಂಕಿ ಇಳಿಯುತ್ತ ಇಳಿಯುತ್ತ ನಲವತ್ತು ಗ್ರಾಂಗಿಂತ ತುಸು ಹೆಚ್ಚು ಕಮ್ಮಿಯಾಗಿ ನಿಂತಿತು. ಮಿಕ್ಕ ಗಾಳಿ ನೀರಿನಲ್ಲೇ ಉಳಿದಿದೆ ಎಂದು ಅವರು ಆಮೇಲೆ ಹೇಳಿದರು. ಕಣ್ಣಿಗೆ ಕಾಣದೆ ಹೋದದ್ದನ್ನೂ ತೂಗಿದೆನಲ್ಲ ಎಂದು ನಾನು ಆ ಪಾತ್ರೆಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಆದರೆ ನೂರಕ್ಕೆ ಎಪ್ಪತ್ತಾರು ಹಾಕಿ ಕಟ್ಟಿದ ಉಂಡೆಯ ನೀರಿಗೆ ಪಟ್ಟಿ ಅದ್ದಿದರೆ ಕೆಂಪಾಯಿತು. ಮೊದಲಿನ ಇಟ್ಟಿಗೆ ಬಣ್ಣವಲ್ಲ, ತಿಳಿಗೆಂಪು. ಕೆಂಪು ಕೆಂಪೇ. ಮತ್ತೆ ತೂಗಿದೆ, ಮತ್ತೆ ಕಟ್ಟಿದೆ. ಆರು ಸಾರಿ ಮಾಡಿದೆ, ಆರು ಸಾರಿಯೂ ಅದೇ. ಪಟ್ಟಿಗಳನ್ನು ಕಟ್ಟಿಕೊಂಡು ರಾಯಚೂರಿಗೆ ಹೋದೆ.

ಕೆಮಿಸ್ಟ್ ನನ್ನ ಲೆಕ್ಕದ ಹಾಳೆ ನೋಡಿದ. ಒಂದು ಕ್ಷಣ ಅವನ ಮುಖ ಬದಲಾದದ್ದು ಸುಳ್ಳಲ್ಲ. ತನ್ನ ಜಾಡಿಗಳಿಂದ ಐವತ್ತು ಗ್ರಾಂ ಸೋಡಾ, ಮೂವತ್ತೆಂಟು ಗ್ರಾಂ ಹುಳಿ ತೆಗೆದು ಬಿಸಿನೀರಿಗೆ ಹಾಕಿದ. ಪಟ್ಟಿ ಹಳದಿಯಾಗಿಯೇ ಉಳಿಯಿತು.

"ಲೆಕ್ಕ ಬರೋಬ್ಬರಿ ಅದ ಕಾಕಾ" ಎಂದ. "ತಪ್ಪಾಗಿದ್ದು ನಿಮ್ಮ ಕೈ."

ಓದಿಲ್ಲ ಅಂದಿದ್ದ, ಸಹಿಸಿದ್ದೆ. ಅದು ನಿಜ. ಕೈ ತಪ್ಪು ಅಂದದ್ದನ್ನು ನಾನು ತಗೊಳ್ಳಲಿಲ್ಲ. ಈ ಕೈಯ ತೂಕದ ಮೇಲೆ ರೈತರೂ ಮಾಲೀಕರೂ ಒಟ್ಟಿಗೆ ನಂಬಿಕೆ ಇಟ್ಟ ಜಾಗ ನಮ್ಮ ಮಿಲ್ಲು. ನಿನ್ನ ಜಾಡಿಯ ಸೋಡಾ ಕಾಲು ಕೆಜಿ, ಹುಳಿ ಕಾಲು ಕೆಜಿ ಕೊಡು ಎಂದು ಕೇಳಿದೆ. ಏನು ಮಾಡುತ್ತೀರಿ ಎಂದ. ನನ್ನ ಕೈ ಪರೀಕ್ಷೆ ಮಾಡುತ್ತೇನೆ ಎಂದೆ.

ಮಿಲ್ಲಿನ ಮುದ್ರೆಯ ತೂಕದ ಕಲ್ಲುಗಳನ್ನು ಗ್ರಾಂ ತಕ್ಕಡಿಯ ಮೇಲಿಟ್ಟು ನೋಡಿದೆ. ತಕ್ಕಡಿ ಸರಿ ಇತ್ತು. ಆಮೇಲೆ ಒಂದೊಂದನ್ನೇ ಬದಲಿಸಿದೆ. ನನ್ನ ಸೋಡಾ, ಅವನ ಹುಳಿ: ಹಳದಿ. ಅವನ ಸೋಡಾ, ನನ್ನ ಹುಳಿ: ಕೆಂಪು. ಕೈ ಒಂದೇ, ತಕ್ಕಡಿ ಒಂದೇ. ತಪ್ಪು ಇದ್ದದ್ದು ಗಂಜಿನಿಂದ ತಂದ ಹುಳಿಯಲ್ಲಿ. ಏನೋ ಬೆರೆಸಿದ್ದಾರೆ ಎಂದು ಗಂಜಿನ ಅಂಗಡಿಯವನ ಮೇಲೆ ಏರಿ ಹೋದೆ. ಅವನು ಮಕ್ಕಳಾಣೆ ಹಾಕಿದ. ಹರಳು ಕನ್ನಡಿಯಂತೆ ಸ್ವಚ್ಛವಿತ್ತು, ಮುಟ್ಟಿದರೆ ಒಣಗಿತ್ತು, ನೀರಿನಲ್ಲಿ ಕಸ ಉಳಿಯುತ್ತಿರಲಿಲ್ಲ.

ಉತ್ತರ ಮಿಲ್ಲಿನಲ್ಲೇ ಸಿಕ್ಕಿತು. ಬೇಸಿಗೆಯ ಭತ್ತ ಬರತೊಡಗಿತ್ತು. ತೇವಾಂಶ ನೋಡುವುದೂ ನನ್ನದೇ ಕೆಲಸ. ತೇವ ಹೆಚ್ಚಿದ್ದರೆ ಅಷ್ಟು ತೂಕ ಕಡಿಯುತ್ತೇವೆ. ಕಡಿಯುತ್ತೇನೆ ಎಂದಾಗ ನೀರಮಾನ್ವಿ ಕಡೆಯ ಒಬ್ಬ ರೈತ ಒಂದು ಹಿಡಿ ಭತ್ತ ನನ್ನ ಕೈಗೆ ಸುರಿದ. "ಹಲ್ಲಾಗ ಕಡದ್ ನೋಡ್ರಿ ಬೇಕಾರ. ಟಣ್ ಅಂತದ. ಎಲ್ಲದ ನೀರು?"

ಕಾಳಿನ ಒಳಗದ ಯಪ್ಪಾ ಎಂದು ಎಷ್ಟು ಜನರಿಗೆ ಹೇಳಿದ್ದೇನೋ. ಅವನಿಗೂ ಹೇಳಿದೆ. ಹೇಳಿದವನಿಗೆ ಮುಟ್ಟಿದರೆ ಒಣಗಿದ್ದ ನನ್ನ ಹುಳಿಯ ಹರಳು ನೆನಪಾಯಿತು.

ಎರಡು ಸ್ಟೀಲು ತಟ್ಟೆ ತೆಗೆದುಕೊಂಡೆ. ಒಂದರಲ್ಲಿ ನನ್ನ ಹುಳಿ ನೂರೈವತ್ತು ಗ್ರಾಂ, ಇನ್ನೊಂದರಲ್ಲಿ ಜಾಡಿಯ ಹುಳಿ ನೂರೈವತ್ತು. ತೆಳು ಬಟ್ಟೆ ಮುಚ್ಚಿ ಮಿಲ್ಲಿನ ಆಫೀಸಿನ ತಗಡಿನ ಮೇಲಿಟ್ಟೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲು, ತಗಡಿಗೆ ಕೈ ಇಡುವ ಹಾಗಿಲ್ಲ. ಸಂಜೆ ಇಳಿಸಿ ತೂಗುವುದು, ಮುಚ್ಚಿಡುವುದು, ಬೆಳಿಗ್ಗೆ ಮತ್ತೆ ಏರಿಸುವುದು. ಜಾಡಿಯ ಹುಳಿ ಐದು ದಿನವೂ ನೂರೈವತ್ತರಿಂದ ಕದಲಲಿಲ್ಲ. ನನ್ನದು ಮೊದಲ ದಿನ 147, ಎರಡನೆಯ ದಿನ 142, ಆಮೇಲೆ 138, 137. ಐದನೆಯ ದಿನವೂ 137. ತೂಕ ನಿಂತಿತು ಅಂದರೆ ನೀರು ಮುಗಿಯಿತು. ಕನ್ನಡಿಯಂಥ ಹರಳು ಬಿಳಿ ಹಿಟ್ಟಿನ ಹಾಗೆ ಉದುರುತ್ತಿತ್ತು.

ತಟ್ಟೆಯನ್ನೇ ಬಾಯಿಯವರ ಮನೆಗೆ ಒಯ್ದೆ. ನೂರೈವತ್ತಕ್ಕೆ ಹದಿಮೂರು ಗ್ರಾಂ ನೀರು ಇತ್ತು ಎಂದೆ. ಅವರು ಸೀಮೆಸುಣ್ಣ ಕೈಗೆತ್ತಿಕೊಂಡರು. ಪಾಟಿಯ ಮೇಲೆ 192 ಬರೆದು, ಅದರ ಕೆಳಗೆ ನೀರಿನ 18 ಬರೆದು ಕೂಡಿದರು: 210. ಇನ್ನೂರ ಹತ್ತರಲ್ಲಿ ಹದಿನೆಂಟು ನೀರಾದರೆ ನೂರೈವತ್ತರಲ್ಲಿ ಎಷ್ಟು ಎಂದರು. ಹದಿಮೂರಕ್ಕೆ ಕೂದಲೆಳೆ ಕಮ್ಮಿ ಎಂದೆ.

"ಸ್ಫಟಿಕ ಜಲ" ಎಂದರು. "ಮೈಲುತುತ್ತ ಕಾಯಿಸಿ ಮೂವತ್ತು ವರ್ಷ ಮಕ್ಕಳಿಗೆ ತೋರಿಸೀನಿ. ಇದರಾಗ ನನಗ ಹೊಳೀಲಿಲ್ಲ."

ನನ್ನ ಹುಳಿಯ ಪ್ರತಿ ಚೀಲದಲ್ಲೂ ಹುಳಿಯ ಜೊತೆ ಅದರಷ್ಟೇ ಎಣಿಕೆಯ ನೀರು ಸೇರಿಕೊಂಡು ಕೂತಿತ್ತು. ನಾನು ನೀರನ್ನೂ ಹುಳಿಯೆಂದು ತೂಗಿದ್ದೆ. ಹಾಗಾದರೆ 252 ಸೋಡಾಕ್ಕೆ ಬೇಕಾದದ್ದು 192 ಅಲ್ಲ, 210. ಎರಡನ್ನೂ ನಲವತ್ತೆರಡರಿಂದ ಭಾಗಿಸಿ ನೋಡಿದರೆ ಆರಕ್ಕೆ ಐದು. ಇಷ್ಟು ಚೊಕ್ಕ ಲೆಕ್ಕ ಮಿಲ್ಲಿನಲ್ಲೂ ನಾನು ಕಂಡಿಲ್ಲ.

ತೋರಿಸುವ ದಿನಕ್ಕೆ ಒಂದೇ ಭಾನುವಾರ ಉಳಿದಿತ್ತು. ಗಂಜಿನ ಹುಳಿ ಬಿಟ್ಟುಬಿಡಿ, ಜಾಡಿಯದನ್ನೇ ತರಿಸಿಕೊಡುತ್ತೇನೆ, 192ರ ಲೆಕ್ಕವೇ ಇರಲಿ ಎಂದು, ಹರಳಿನ ನೀರಿನ ಸಂಗತಿ ತಿಳಿಸಿದಾಗ, ಕೆಮಿಸ್ಟ್ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಬಾಯಿಯವರೂ ಅದೇ ಸುರಕ್ಷಿತ ಎಂದರು. ಆದರೆ ಅವನ ಜಾಡಿ ಅವನ ಕೈಯಲ್ಲಿ. ಅದು ಬಂದರೆ ಕೆಲಸ, ನಿಂತರೆ ಕಾಗದ ಸುತ್ತುವುದು. ನಮ್ಮ ಸಂತೆಯಲ್ಲಿ ಸಿಗುವ ಮಾಲಿಗೆ ನಮ್ಮ ಲೆಕ್ಕ ಬೇಕು. ಸಂಘದಲ್ಲಿದ್ದ ಹುಳಿಯನ್ನೆಲ್ಲ ಆರಕ್ಕೆ ಐದರಂತೆ ಕಲೆಸುವುದೆಂದು ಹೇಳಿದೆ. ತಪ್ಪಿದರೆ ಮಾಲೂ ಇಲ್ಲ, ಮತ್ತೆ ಕಟ್ಟಲು ದಿನವೂ ಇಲ್ಲ. ಹೆಂಡತಿ ಎಷ್ಟು ಖಾತ್ರಿ ಎಂದು ಕೇಳಿದಳು. ಭತ್ತದ ತೇವ ಕಡಿಯುವಷ್ಟು ಖಾತ್ರಿ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಸೋಡಾದ ಚೀಲ ಬಿಚ್ಚಿದಳು.

ಹನ್ನೊಂದು ಜನ ಒಣ ಕೈಯಲ್ಲಿ ಕಟ್ಟಿದರು. ಮೊದಲ ಉಂಡೆಯ ನೀರಿಗೆ ಪಟ್ಟಿ ಅದ್ದಿದೆ. ಹಳದಿ. ನನ್ನ ಹಿಮ್ಮಡಿ ಇಳಿಬಿಟ್ಟೆ. ಉರಿಯಲಿಲ್ಲ.

ರಾಯಚೂರಿನ ಅಂಗಡಿಯಲ್ಲಿ ವ್ಯಾಪಾರಿ ಹಿತ್ತಾಳೆಯ ಬೋಗುಣಿಗೆ ಬಿಸಿನೀರು ಹಾಕಿಸಿದರು. ಪಟ್ಟಿ ಬೇಡ ಎಂದಳು ನನ್ನ ಹೆಂಡತಿ. ಮೊಳಕೈವರೆಗೆ ಅರಿಶಿಣ ಬಳಿದುಕೊಂಡು, ಮೂರು ಉಂಡೆ ಕರಗಿದ ನೀರಿಗೆ ಕೈ ಇಳಿಸಿ ಕೂತಳು. ಅವಳ ಕೈ ನೀರಿನಲ್ಲಿರುವಷ್ಟು ಹೊತ್ತು ನಾನು ಲೆಕ್ಕ ಹೇಳಿದೆ. ಚೀಲದ ಮಾತಿನಲ್ಲೇ ಹೇಳಿದೆ, 84ರಿಂದ 210ರವರೆಗೆ. ಕೆಮಿಸ್ಟ್ ಎರಡು ಕಡೆ ತಡೆದು ಕೇಳಿದ, ಎರಡು ಕಡೆಯೂ ಉತ್ತರ ಕೊಟ್ಟೆ. ತಗಡಿನ ಮೇಲೆ ಒಣಗಿಸಿದ ಹಿಟ್ಟಿನ ಪೊಟ್ಟಣ ಅವನ ಮುಂದಿಟ್ಟೆ. ಅವನು ಬೆರಳಲ್ಲಿ ಉಜ್ಜಿ ನೋಡಿ, ವ್ಯಾಪಾರಿಯ ಕಡೆ ತಿರುಗಿದ.

"ಅವ್ರದು ಖರೇ ಅದ್ರಿ. ಕೈ ತಪ್ಪಿರಲಿಲ್ಲ."

ಹೆಂಡತಿ ಕೈ ಎತ್ತಿದಳು. ಮೊಳಕೈಯಿಂದ ಹಳದಿ ನೀರು ಇಳಿಯಿತು. ಕಲೆಸುವ ಕೆಲಸ ದೇವದುರ್ಗದಲ್ಲೇ ಇರಲಿ ಎಂದು ವ್ಯಾಪಾರಿ ಅಲ್ಲೇ ಹೇಳಿದರು. ಪ್ರತಿ ಸರಕಿಗೂ ತುಂಬಬೇಕಾದ ಒಂದು ರಿಜಿಸ್ಟರ್ ತೆಗೆದು ತೋರಿಸಿದರು. ಎರಡು ಕಾಲಂ ಇದ್ದವು, ಕಲೆಸಿದವರು, ಲೆಕ್ಕ ಹಾಕಿದವರು. ಮೊದಲನೆಯದಕ್ಕೆ ನೀವು ಬರೆಯಿರಿ, ಎರಡನೆಯದಕ್ಕೆ ಕೆಮಿಸ್ಟ್ ಸಹಿ ಹಾಕುತ್ತಾರೆ, ಕಾಗದಕ್ಕೆ ಡಿಗ್ರಿ ಇದ್ದವರು ಬೇಕಲ್ಲ ಎಂದರು.

ಪೆನ್ನು ನನ್ನ ಕೈಯಲ್ಲಿತ್ತು. ಎರಡು ಕಾಲಂನಲ್ಲೂ ನನ್ನ ಹೆಸರು ಬರೆದೆ. ನಿಧಾನವಾಗಿ, ಒತ್ತು ದೀರ್ಘ ಬಿಡದೆ. ಪರಿಶೀಲಿಸಿದವರು ಎಂದು ಬೇಕಾದರೆ ಕೆಳಗೆ ಅವರು ಬರೆಯಲಿ, ಲೆಕ್ಕ ಹಾಕಿದವನು ನಾನು ಎಂದೆ. ವ್ಯಾಪಾರಿ ಕೆಮಿಸ್ಟನ ಮುಖ ನೋಡಿದರು. ಅವನು ಕೆಳಗೇ ಬರೆಯುತ್ತೇನೆ ಎಂದ.

ಎದೆ ಉಬ್ಬಿಸಿ ನಿಂತವನ ಪಕ್ಕದಲ್ಲಿ ಹೆಂಡತಿ ರಿಜಿಸ್ಟರಿನ ಮೇಲೆ ಬಾಗಿ ಓದಿದಳು. ಅವಳ ಹಳದಿ ಬೆರಳು ಕಾಗದಕ್ಕೆ ತಾಗಿತು.

"ಎರಡೂ ಕಡಿ ನಿಮ್ಮ ಹೆಸರ ಬರದ್ರಿ. ಕಟ್ಟಿದವ್ರು ಯಾರು, ಗಾಳಿ ಏನು?"

ವ್ಯಾಪಾರಿಯ ಮೇಜಿನ ಮೇಲಿನ ಅಡಿಪಟ್ಟಿ ತೆಗೆದುಕೊಂಡೆ. ಎರಡನೆಯ ಕಾಲಂನ ಪಕ್ಕದಲ್ಲಿ ಒಂದು ಗೆರೆ ಎಳೆದು, ಮೇಲೆ 'ಕಟ್ಟಿದವರು' ಎಂದು ಬರೆದೆ. ಅವಳು ಒಬ್ಬೊಬ್ಬರ ಹೆಸರು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹನ್ನೊಂದು ಹೆಸರು ಆ ಸಾಲಿನಲ್ಲಿ ಹಿಡಿಸಲಿಲ್ಲ. ಐದು ಹೆಸರು ಕೆಳಗಿನ ಸಾಲಿಗೆ ಇಳಿದವು.